ಸೊಪ್ಪಿನ ಬೆಟ್ಟವೂ ಹಿತ್ತಿಲ ಗೊಬ್ಬರದ ಋತುಮಾನವೂ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆಯಲ್ಲಿ, ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸುತ್ತಮುತ್ತಣ ಹಳ್ಳಿಗಳಲ್ಲಿ, ಒಂದು ಮನೆತನದ ಸಾಗುವಳಿಯು ಯಾವ ಕ್ರಮದಲ್ಲಿ ನೆಲೆಗೊಂಡಿದೆಯೆಂಬುದನ್ನು ತಿಳಿಯಬಯಸುವವನು ಕಣಿವೆಯ ತಳದಿಂದ ಬೆಟ್ಟದ ನೆತ್ತಿಯವರೆಗೆ ಒಮ್ಮೆ ನಡೆದುಹೋದರೆ ಸಾಕು. ತಗ್ಗಿನಲ್ಲಿ, ಹಳ್ಳದ ನೀರು ಹರಿಯುವೆಡೆಯಲ್ಲಿ, ಅಡಿಕೆಯ ತೋಟ; ಅಡಿಕೆಮರಗಳನ್ನು ಹಬ್ಬಿಕೊಂಡ ಮೆಣಸಿನ ಬಳ್ಳಿ, ನಡುನಡುವೆ ಬಾಳೆ ಮತ್ತು ಏಲಕ್ಕಿ. ತೋಟದ ಅಂಚಿಗೆ ಸ್ವಲ್ಪ ಎತ್ತರದಲ್ಲಿ ಮನೆ. ಮನೆಯ ಬೆನ್ನಿಗೆ ಹಿತ್ತಿಲು. ಹಿತ್ತಿಲ ಪಕ್ಕದಲ್ಲಿ ಕೊಟ್ಟಿಗೆಯೂ ಗೊಬ್ಬರದ ಗುಂಡಿಯೂ. ಅವೆಲ್ಲಕ್ಕೂ ಮೇಲೆ, ಮತ್ತಿ, ಹುಣಾಲು, ಕವಲು, ನೇರಳೆ ಮೊದಲಾದ ಮರಗಳಿಂದ ಕೂಡಿದ ಸೊಪ್ಪಿನ ಬೆಟ್ಟ. ಬೆಟ್ಟದ ಎಲೆಯು ಕೊಟ್ಟಿಗೆಗೂ, ಕೊಟ್ಟಿಗೆಯ ಹಾಸು ಗುಂಡಿಗೂ, ಗುಂಡಿಯ ಗೊಬ್ಬರವು ಹಿತ್ತಿಲಿಗೂ ತೋಟಕ್ಕೂ ಬರಬೇಕಾದಾಗ ಹೊರೆ ಹೊತ್ತವನು ಆದಷ್ಟೂ ಇಳಿಜಾರಿನಲ್ಲಿಯೇ ನಡೆಯುವಂತಿರಬೇಕೆಂಬ ವಿವೇಕವು ಈ ಜೋಡಣೆಯಲ್ಲಿ ಅಡಗಿದೆ.

ಮನೆಯ ಗಿಡಗಳಿಗೆ ಯಾವ ತಿಂಗಳಲ್ಲಿ ಯಾವ ಗೊಬ್ಬರವನ್ನು ಎಷ್ಟು ಹಾಕತಕ್ಕದ್ದೆಂದು ಪಟ್ಟಿ ಬರೆದಿಟ್ಟುಕೊಂಡು ನಡೆಯುವ ಗೃಹಸ್ಥರು ಇಂದು ಬಹುಮಂದಿ ಇದ್ದಾರೆ. ಅಂಥದೊಂದು ಪಟ್ಟಿಯು, ಕಾಗದಕ್ಕೆ ಇಳಿಯದೆಯೇ, ಮಳೆನಕ್ಷತ್ರಗಳ ಹೆಸರಿನಲ್ಲಿಯೂ ಹಬ್ಬಗಳ ಹೆಸರಿನಲ್ಲಿಯೂ ನೆನಪಾಗಿ ನಿಂತು, ಈ ಸೀಮೆಯಲ್ಲಿ ತಲೆಮಾರುಗಳ ಕಾಲ ನಡೆದುಬಂದಿತು. ಅದನ್ನು ಒಂದು ಮನೆಯ ಜಾಣತನದ ಫಲವೆಂದು ತಿಳಿಯುವುದು ಸುಲಭ. ಆದರೆ ಅದರ ಇತಿಹಾಸವನ್ನು ಅರಸಿಹೋದಂತೆಲ್ಲ, ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಮನೆಯ ಬೇಲಿಯಾಚೆಗಿನ ಕಾಡು, ಕಾಡಿನ ಮೇಲಣ ಹಕ್ಕು, ಆ ಹಕ್ಕನ್ನು ಅಳೆದುಕೊಟ್ಟ ಸರಕಾರ, ಎಲೆಯನ್ನು ಹೊತ್ತುತಂದ ಕೈಗಳು, ಇವೆಲ್ಲವೂ ಇದ್ದುವೆಂಬುದು ನನಗೆ ಮನದಟ್ಟಾಗಿದೆ.

ಗೊಬ್ಬರದ ವಿಚಾರವು ನಮ್ಮ ಶಾಸ್ತ್ರಗ್ರಂಥಗಳಿಗೆ ಅಪರಿಚಿತವಾದುದಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ಆಡುಕುರಿಗಳ ಹಿಕ್ಕೆಯ ಪುಡಿಯನ್ನೂ ಎಳ್ಳನ್ನೂ ಇತರ ದ್ರವ್ಯಗಳೊಡನೆ ನೀರಿನಲ್ಲಿ ಏಳು ರಾತ್ರಿ ಇರಿಸಿ, ಆ ನೀರನ್ನು ಗಿಡಬಳ್ಳಿಗಳಿಗೆ ಎರೆಯುವ ವಿಧಿಯನ್ನು ಹೇಳಿದ್ದಾನೆ. ಸುರಪಾಲನ ವೃಕ್ಷಾಯುರ್ವೇದದಲ್ಲಿ ಪ್ರಾಣಿಗಳ ಮಾಂಸ, ಮಜ್ಜೆ ಮೊದಲಾದುವನ್ನು ಬೇಯಿಸಿ ಹುದುಗಿಸಿದ ಕುಣಪಜಲದ ವರ್ಣನೆಯಿದೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಕನ್ನಡದಲ್ಲಿಯೇ ರಚಿಸಿದ ಲೋಕೋಪಕಾರವು, ಅಂತರ್ಜಲವನ್ನು ಗುರುತಿಸುವ ಬಗೆ, ಪಾಕವಿಧಾನ, ವೈದ್ಯ ಇವುಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಒಂದು ಸ್ಥಾನವನ್ನು ಕೊಟ್ಟಿರುವುದನ್ನು ನೋಡಿದರೆ, ಗಿಡದ ಆರೈಕೆಯು ಸಾಮಾನ್ಯ ಗೃಹಸ್ಥನು ತಿಳಿದಿರಬೇಕಾದ ವಿದ್ಯೆಯೆಂದು ಆ ಕಾಲದ ಕನ್ನಡಿಗರು ಭಾವಿಸಿದ್ದರೆಂಬುದು ಸ್ಪಷ್ಟವಾಗುತ್ತದೆ. ಆದರೂ ಈ ಗ್ರಂಥಗಳ ಧಾಟಿಯು ಚಿಕಿತ್ಸೆಯದು: ಇಂಥ ಮರಕ್ಕೆ ಇಂಥ ಕುಂದು ಬಂದಾಗ ಇಂಥ ದ್ರವ್ಯ. ವರ್ಷದುದ್ದಕ್ಕೂ ಒಂದು ತೋಟವನ್ನು ಉಣಿಸುವುದಕ್ಕೆ ಬೇಕಾದ ರಾಶಿರಾಶಿ ಗೊಬ್ಬರವು ಎಲ್ಲಿಂದ ಬರಬೇಕು, ಯಾರು ತರಬೇಕು, ಯಾವ ಮಳೆಗೆ ಮುಂಚೆ ಹಾಕಬೇಕು ಎಂಬ ಪ್ರಶ್ನೆಗಳಿಗೆ ಉತ್ತರವು ರೈತನ ಬಾಯಲ್ಲಿಯೇ ಉಳಿಯಿತು.

ಆ ಉತ್ತರವು ಈ ಸೀಮೆಯಲ್ಲಿ ಎಲೆಯನ್ನೇ ಆಧಾರವಾಗಿ ಹಿಡಿದುದಕ್ಕೆ ನೆಲವೂ ಮಳೆಯೂ ಕಾರಣ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿದುಹೋಗುವುದರಿಂದ, ಮಣ್ಣಿನಲ್ಲಿ ಸುಲಭವಾಗಿ ಕರಗುವ ಸಾರಜನಕವೂ ಪೊಟ್ಯಾಶೂ ನೀರಿನೊಡನೆ ಹಳ್ಳವನ್ನು ಸೇರುತ್ತವೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಹೆಚ್ಚಾಗಿರುವ ಕೆಂಪು ಜಂಬಿಟ್ಟಿಗೆಯ ನೆಲವು ರಂಜಕವನ್ನು ಬಿಗಿಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಮಣ್ಣು ವರ್ಷೇ ವರ್ಷೇ ಹುಳಿಯಾಗುತ್ತ ಹೋಗುತ್ತದೆ. ಇಂಥ ನೆಲದಲ್ಲಿ ಸಾರವನ್ನು ಹಿಡಿದಿಟ್ಟು, ಮಳೆಯ ಹೊಡೆತವನ್ನು ತಡೆದು, ನಿಧಾನವಾಗಿ ಕೊಳೆಯುತ್ತ ಗಿಡಕ್ಕೆ ಆಹಾರವನ್ನು ಒದಗಿಸುವ ವಸ್ತುವು ಎಲೆಯಲ್ಲದೆ ಬೇರೊಂದಿಲ್ಲ. ಬಯಲುಸೀಮೆಯ ರೈತನು ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆದು, ಕುರುಬರ ಕುರಿಹಿಂಡನ್ನು ಹೊಲದಲ್ಲಿ ತರುಬಿಸಿ, ಬೇಸಗೆಯಲ್ಲಿ ಒಣಗಿದ ಕೆರೆಯಿಂದ ಗೋಡುಮಣ್ಣನ್ನು ಗಾಡಿಗಳಲ್ಲಿ ತಂದು ಹರಡಿ ತನ್ನ ನೆಲವನ್ನು ಕಾಪಾಡಿಕೊಂಡನು. ಮಲೆನಾಡಿನವನಿಗೆ ಆ ಕುರಿಯೂ ಇರಲಿಲ್ಲ, ಗಾಡಿ ಓಡುವ ಬಯಲೂ ಇರಲಿಲ್ಲ. ಅವನಿಗಿದ್ದುದು ಕಾಡು ಮತ್ತು ದನ.

ವರ್ಷದ ಕ್ರಮವನ್ನು ದೀಪಾವಳಿಯಿಂದ ಎಣಿಸುವುದು ಅನುಕೂಲ. ಅದಕ್ಕೂ ಸ್ವಲ್ಪ ಮುಂಚೆ, ಆಶ್ವಯುಜದ ಹುಣ್ಣಿಮೆಯಂದು, ತೆನೆಗಟ್ಟುವ ಗದ್ದೆಯನ್ನು ಗರ್ಭಿಣಿಯೆಂದು ಭಾವಿಸಿ, ಬಯಕೆಯ ಅಡುಗೆಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಹೊಲಗದ್ದೆಗಳಿಗೆ ಬೀರುವ ಭೂಮಿ ಹುಣ್ಣಿಮೆಯ ಆಚರಣೆಯು ಮಲೆನಾಡಿನಲ್ಲಿದೆ. ನೆಲಕ್ಕೂ ಹಸಿವೆಯುಂಟು, ಅದಕ್ಕೂ ಹೊತ್ತಿಗೆ ಸರಿಯಾಗಿ ಉಣಬಡಿಸಬೇಕು ಎಂಬ ಭಾವನೆಯು ಈ ಜನರ ಗೊಬ್ಬರದ ಕ್ರಮಕ್ಕೆ ತಳಹದಿಯಾಗಿತ್ತೆಂದು ನಾನು ನಂಬುತ್ತೇನೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದೀಪಾವಳಿಯ ದಿನಗಳಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ, ಹೂವೇರಿಸಿ ಹೊಸ್ತಿಲಲ್ಲಿ ಪೂಜಿಸುವುದೂ ಇದೇ ಬಗೆಯ ಗೌರವವನ್ನು ಸೂಚಿಸುತ್ತದೆ.

ದೀಪಾವಳಿ ಕಳೆದು ಮಳೆ ಹಿಂದೆಗೆದ ಮೇಲೆ ಬೇಣದ, ಎಂದರೆ ಹುಲ್ಲುಗಾವಲಿನ, ಕರಡ ಒಣಗುತ್ತದೆ. ಅದನ್ನು ಕೊಯ್ದು ಹೊರೆಕಟ್ಟಿ ಮನೆಗೆ ತರುತ್ತಾರೆ. ಚಳಿಗಾಲದಲ್ಲಿ ಅಡಿಕೆಯ ಕೊನೆಗಳನ್ನು ಇಳಿಸಿ, ಸುಲಿದು, ಬೇಯಿಸಿ, ಅಟ್ಟದ ಮೇಲೆ ಒಣಹಾಕುವ ಗಡಿಬಿಡಿಯು ಮುಗಿದೊಡನೆ ತೋಟದ ಕೆಲಸ ಮೊದಲಾಗುತ್ತದೆ. ಬಸಿಗಾಲುವೆಗಳ ಹೂಳನ್ನು ತೆಗೆದು, ಮರದ ಬುಡವನ್ನು ಬಿಡಿಸಿ, ಗುಂಡಿಯಲ್ಲಿ ವರ್ಷವಿಡೀ ಕಳಿತ ಗೊಬ್ಬರವನ್ನು ಹೆಡಿಗೆಗಳಲ್ಲಿ ಹೊತ್ತು ತಂದು ಬುಡಕ್ಕೆ ಸುರಿದು, ಅದರ ಮೇಲೆ ಧರೆಯನ್ನು ಕಡಿದು ತಂದ ಹೊಸ ಮಣ್ಣನ್ನು ಹರಡುವುದೇ ಆ ಕೆಲಸ. ಇದಕ್ಕೆ ಗೋಡು ಹಾಕುವುದೆನ್ನುತ್ತಾರೆ. ಗೊಬ್ಬರವೆಲ್ಲವೂ ಪ್ರತಿವರ್ಷ ಎಲ್ಲ ಮರಗಳಿಗೂ ಸಾಲದಾದುದರಿಂದ, ತೋಟವನ್ನು ಭಾಗಮಾಡಿಕೊಂಡು ಒಂದು ವರ್ಷ ಒಂದು ಭಾಗಕ್ಕೆ, ಮರುವರ್ಷ ಇನ್ನೊಂದು ಭಾಗಕ್ಕೆ ಹಾಕುವ ಪದ್ಧತಿಯು ಬಹುಕಾಲ ನಡೆಯಿತು.

ಈ ಗುಂಡಿಯನ್ನು ತೋಡುವಾಗ ಹತ್ತಿರ ನಿಂತು ನೋಡಬೇಕು. ಒಂದು ಪಕ್ಕವನ್ನು ಗುದ್ದಲಿಯಿಂದ ನೆಟ್ಟಗೆ ಕಡಿದಾಗ, ಹಿಂದಿನ ವರ್ಷದ ಋತುಗಳೆಲ್ಲವೂ ಪದರಪದರವಾಗಿ ಕಾಣಿಸಿಕೊಳ್ಳುತ್ತವೆ. ಮೇಲಿನ ಪದರದಲ್ಲಿ ಮತ್ತಿಯ ಎಲೆಯ ನರಗಳು ಇನ್ನೂ ಎಣಿಸುವಂತಿರುತ್ತವೆ. ಅದರ ಕೆಳಗೆ ಎಲೆ ಯಾವುದು ಸಗಣಿ ಯಾವುದು ಎಂದು ಬೇರ್ಪಡಿಸಲಾಗದ ಕಂದುಬಣ್ಣದ ಒತ್ತು. ಅದಕ್ಕೂ ಕೆಳಗೆ, ಕೈಗೆ ತೆಗೆದುಕೊಂಡರೆ ನಶ್ಯದ ಪುಡಿಯಂತೆ ಬೆರಳ ಸಂದಿಯಿಂದ ಉದುರುವ ಕಪ್ಪು ಗೊಬ್ಬರ. ಅಲ್ಲಲ್ಲಿ ಕೊಳೆಯದೆ ಉಳಿದ ಒಂದು ಗಟ್ಟಿ ಕಡ್ಡಿ, ದಪ್ಪನಾದ ಬಿಳಿಯ ಗೊಬ್ಬರದ ಹುಳು, ನಡುವೆ ಎಲ್ಲಿಯೋ ತೆಳ್ಳಗಿನ ಬೂದಿಯ ಗೆರೆ. ನುರಿತ ಆಳು ಆ ಗೆರೆಯನ್ನು ನೋಡಿಯೇ, ಅದು ಯಾವ ಮಾಸದಲ್ಲಿ ಬಿದ್ದ ಬೂದಿಯೆಂದು ಹೇಳಬಲ್ಲನು.

ಮಾಘ ಫಾಲ್ಗುನಗಳಲ್ಲಿ ಬೆಟ್ಟದ ಮರಗಳು ಎಲೆಯುದುರಿಸುತ್ತವೆ. ಆಗ ಗುಡಿಸಿ ಒಟ್ಟುಮಾಡಿದ ಒಣ ಎಲೆಗೆ ಇಲ್ಲಿ ದರಕು ಎಂದು ಹೆಸರು. ದೊಡ್ಡ ಬುಟ್ಟಿಗಳಲ್ಲಿ ತುಳಿತುಳಿದು ತುಂಬಿ ತಂದ ದರಕನ್ನು ಕೊಟ್ಟಿಗೆಯ ಬಳಿ ಮಾಡಿನ ಕೆಳಗೆ ಒಟ್ಟಿಟ್ಟುಕೊಂಡು, ಪ್ರತಿದಿನವೂ ದನಗಳ ಕಾಲಡಿಗೆ ಹಾಸುತ್ತಾರೆ. ಹಾಸಿನ ಪ್ರಯೋಜನವು ದನಕ್ಕೆ ಬೆಚ್ಚಗಿರುವುದೊಂದರಲ್ಲಿಯೇ ಇಲ್ಲ. ಗೋಮೂತ್ರವು ನೆಲಕ್ಕಿಂಗಿ ಹಾಳಾಗದೆ ಎಲೆಯಲ್ಲಿ ನಿಲ್ಲುವುದರಿಂದ, ದನದ ಮೈಯಿಂದ ಹೊರಬಂದ ಸಾರಜನಕದ ದೊಡ್ಡ ಪಾಲು ಗುಂಡಿಗೆ ತಲುಪುತ್ತದೆ, ಆ ಸಾರಜನಕದ ಬಲದಿಂದಲೇ ಒಣ ಎಲೆಯು ಬೇಗ ಕೊಳೆಯುತ್ತದೆ. ರಸಾಯನಶಾಸ್ತ್ರವು ಇಂಗಾಲ ಸಾರಜನಕಗಳ ಪ್ರಮಾಣವೆಂದು ಇಂದು ಬೋಧಿಸುವ ಸಂಗತಿಯನ್ನು ಕೊಟ್ಟಿಗೆಯು ದಿನನಿತ್ಯದ ಕಸುಬಾಗಿ ಮಾಡಿಕೊಂಡುಬಂದಿತ್ತು.

ವೈಶಾಖದ ಕೊನೆಗೆ, ಮುಂಗಾರಿನ ಮೊದಲು, ತೋಟದ ನೆಲಕ್ಕೆ ಸೊಪ್ಪನ್ನು ಹಾಸಬೇಕು. ಮಳೆಹನಿಯ ಪೆಟ್ಟು ನೇರವಾಗಿ ಮಣ್ಣಿಗೆ ತಾಗಿದರೆ ಗೋಡೆಲ್ಲ ಕೊಚ್ಚಿಹೋಗುವುದು ನಿಶ್ಚಯ. ರೋಹಿಣಿ ಕಳೆದು ಮೃಗಶಿರ ಹುಟ್ಟಿ, ಆರ್ದ್ರೆ ಪುನರ್ವಸುಗಳಲ್ಲಿ ಮಳೆ ಹಿಡಿದಮೇಲೆ ಯಾರೂ ಬುಡಕ್ಕೆ ಗೊಬ್ಬರ ಹಾಕುತ್ತಿರಲಿಲ್ಲ. ಹಿತ್ತಿಲಲ್ಲಿ ಹುಡುಗನೊಬ್ಬನು ಉತ್ಸಾಹದಿಂದ ಗೊಬ್ಬರದ ಬುಟ್ಟಿಯನ್ನು ಎತ್ತಿದರೆ, ಆ ಮನೆಯ ಆಯಿ ಜಗಲಿಯಿಂದಲೇ, “ತಮಾ, ಆರ್ದ್ರೆ ಮಳೇಲಿ ಗೊಬ್ಬರ ಹಾಕಡ, ಹಳ್ಳಕ್ಕೇ ಹೋಗ್ತು” ಎಂದು ತಡೆಯುವಳು. ಆ ತಿಂಗಳುಗಳಲ್ಲಿ ಕೆಲಸವೆಲ್ಲವೂ ಕೊಟ್ಟಿಗೆಯದು: ಕಂಬಳಿಕೊಪ್ಪೆ ಹಾಕಿಕೊಂಡು ಬೆಟ್ಟಕ್ಕೆ ಹೋಗಿ, ಹಸಿಸೊಪ್ಪನ್ನು ಕಡಿದು ತಂದು ಹಾಸುವುದು, ಹಾಸಿದ್ದನ್ನು ತೆಗೆದು ಗುಂಡಿಗೆ ಹಾಕುವುದು. ಹುಬ್ಬೆ ಉತ್ತರೆಗಳಲ್ಲಿ ಮಳೆ ತಗ್ಗಿ, ನೆಲದಲ್ಲಿ ತೇವವೂ ಬಿಸಿಲಿನಲ್ಲಿ ಕಾವೂ ಒಟ್ಟಿಗಿರುವ ಹೊತ್ತಿಗೆ, ಹಿತ್ತಿಲಿನ ಗಿಡಗಳಿಗೆ ಮತ್ತೊಂದು ಸುತ್ತು ಗೊಬ್ಬರ ಸಲ್ಲುವುದು.

ಹಿತ್ತಿಲಿನ ಲೆಕ್ಕವು ತೋಟದ ಲೆಕ್ಕಕ್ಕಿಂತ ಸೂಕ್ಷ್ಮವಾದುದು. ಅದನ್ನು ಇಟ್ಟವರು ಹೆಂಗಸರು. ತೋಟದ ಗೊಬ್ಬರವು ಆಳುಗಳ ಸರತಿಯನ್ನೂ ಯಜಮಾನನ ತೀರ್ಮಾನವನ್ನೂ ಅವಲಂಬಿಸಿದ್ದರೆ, ಹಿತ್ತಿಲಿನದು ಒಲೆ, ಬಚ್ಚಲು, ಕೊಟ್ಟಿಗೆಗಳಿಂದ ದಿನದಿನವೂ ದೊರೆಯುವುದನ್ನು ಅವಲಂಬಿಸಿತ್ತು. ಬಚ್ಚಲ ನೀರು ಹರಿದುಹೋಗುವ ದಾರಿಯಲ್ಲಿ ಬಾಳೆ, ಕೆಸುವು. ಬಸಳೆಯ ಚಪ್ಪರದ ಬುಡಕ್ಕೆ ನೀರಲ್ಲಿ ಕದಡಿದ ಸಗಣಿ. ಮೊಗೆಕಾಯಿ, ಹೀರೆ, ಹಾಗಲಗಳನ್ನು ಬಿತ್ತುವ ಗುಣಿಗೆ ಒಂದು ಬುಟ್ಟಿ ಹಳೆಯ ಗೊಬ್ಬರ ಮತ್ತು ಒಂದು ಹಿಡಿ ಬೂದಿ. ಬಚ್ಚಲ ಒಲೆಯ ಬೂದಿಯನ್ನು ಮಳೆಗಾಲಕ್ಕೆ ಮುಂಚೆ ಒಣಗಿರುವಾಗಲೇ ತುಂಬಿಟ್ಟುಕೊಳ್ಳುತ್ತಿದ್ದರು, ಏಕೆಂದರೆ ಒಮ್ಮೆ ನೆನೆದ ಬೂದಿಯ ಪೊಟ್ಯಾಶು ನೀರಿನೊಡನೆ ಹೋಗಿ ಉಳಿಯುವುದು ನಿಸ್ಸಾರ. ಇಬ್ಬನಿ ಇನ್ನೂ ಆರದ ಮುಂಜಾನೆಯಲ್ಲಿ ಬಳ್ಳಿಗಳ ಎಲೆಯ ಮೇಲೆ ಬೂದಿಯನ್ನು ಎರಚುವುದು ಹುಳುಗಳ ನಿವಾರಣೆಗೂ ಆಯಿತು, ಅದು ಮಣ್ಣಿಗೆ ಬಿದ್ದಮೇಲೆ ಗೊಬ್ಬರಕ್ಕೂ ಆಯಿತು. ಅಡಿಕೆಯ ಲೆಕ್ಕದ ಪುಸ್ತಕಗಳು ಹಳೆಯ ಮನೆಗಳಲ್ಲಿ ಕಟ್ಟುಕಟ್ಟಾಗಿ ದೊರೆಯುತ್ತವೆ. ಹಿತ್ತಿಲಿನ ಈ ವಿದ್ಯೆಗೆ ಅಂಥ ದಾಖಲೆ ಇಲ್ಲದಿರುವುದು ನಮ್ಮ ಕೃಷಿಯ ಇತಿಹಾಸಕ್ಕೆ ಆಗಿರುವ ದೊಡ್ಡ ನಷ್ಟ.

ಘಟ್ಟದ ಕೆಳಗಣ ಕರಾವಳಿಯಲ್ಲಿ ಹಿತ್ತಿಲಿಗೆ ಇನ್ನೊಂದು ಸಾಧನವಿತ್ತು, ಅದು ಸುಡುಮಣ್ಣು. ಬೇಸಗೆಯಲ್ಲಿ ಒಣ ಎಲೆ, ಪುಳ್ಳೆ, ಕಸಗಳನ್ನು ಗುಡ್ಡೆಹಾಕಿ, ಅದರ ಮೇಲೆ ಹುಲ್ಲುಬೇರು ಸಹಿತವಾದ ಮೇಲ್ಮಣ್ಣನ್ನು ಮುಚ್ಚಿ, ಒಂದು ಮಗ್ಗುಲಲ್ಲಿ ಕಿಚ್ಚಿಡುತ್ತಾರೆ. ಉರಿಯೇಳಬಾರದು, ಎಲ್ಲಿ ಬಿರುಕುಬಿಟ್ಟು ಜ್ವಾಲೆ ಕಾಣಿಸಿತೋ ಅಲ್ಲಿಗೆ ಮತ್ತಷ್ಟು ಮಣ್ಣು ಹಾಕಿ, ದಿನಗಟ್ಟಲೆ ಒಳಗೊಳಗೇ ಕನಲುವಂತೆ ನೋಡಿಕೊಳ್ಳಬೇಕು. ಆರಿದಮೇಲೆ ಮಣ್ಣು ಹಗುರಾಗಿ, ಹುಡಿಯಾಗಿ, ಬಣ್ಣ ತಿರುಗಿರುತ್ತದೆ. ಅದರೊಳಗಿನ ಕಳೆಯ ಬೀಜವೂ ಹುಳುವಿನ ಮೊಟ್ಟೆಯೂ ಸುಟ್ಟುಹೋಗಿ, ಎಲೆಯ ಬೂದಿಯು ಅದರಲ್ಲಿ ಬೆರೆತು, ನೆಲದ ಹುಳಿಯನ್ನು ತಗ್ಗಿಸುವ ಗುಣವನ್ನು ಪಡೆದಿರುತ್ತದೆ. ಮಳೆ ತಾಗದೆಡೆಯಲ್ಲಿ ಅದನ್ನು ಕಾಪಾಡಿಟ್ಟುಕೊಂಡು, ಬೆಂಡೆ, ಸೌತೆ, ಬಸಳೆಗಳಿಗೆ ಬೇಕಾದಾಗಲೆಲ್ಲ ಬೊಗಸೆಬೊಗಸೆಯಾಗಿ ಹಾಕುವರು. ಕಡಲಂಚಿನ ತೆಂಗಿಗೆ ಮೀನಿನ ಗೊಬ್ಬರವೂ, ಮಲ್ಲಿಗೆಗೆ ನೆಲಗಡಲೆಯ ಹಿಂಡಿಯನ್ನು ನೆನೆಹಾಕಿ ಹುಳಿಸಿದ ನೀರೂ ಸಲ್ಲುತ್ತಿದ್ದುವು. ಒಂದೇ ಜಿಲ್ಲೆಯಲ್ಲಿ, ಒಂದು ಘಟ್ಟವನ್ನು ಇಳಿಯುವಷ್ಟರಲ್ಲಿ, ಗೊಬ್ಬರದ ಪಂಚಾಂಗವೇ ಬದಲಾಗುತ್ತಿತ್ತು.

ಇನ್ನು ಬೆಟ್ಟದ ಕಥೆ. ಸೋದೆಯ ಅರಸರ ಆಳ್ವಿಕೆಯಲ್ಲಿ ಅಡಿಕೆ ಮತ್ತು ಮೆಣಸು ಈ ಸೀಮೆಯ ಐಶ್ವರ್ಯಕ್ಕೆ ಮೂಲವಾಗಿದ್ದುವು. 1763-64ರ ಸುಮಾರಿಗೆ ಹೈದರಾಲಿಯು ಆ ರಾಜ್ಯವನ್ನು ವಶಪಡಿಸಿಕೊಂಡನು. 1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಯು ಇಂಗ್ಲಿಷರ ಕೈಸೇರಿತು. 1800-01ರಲ್ಲಿ ಈ ಪ್ರಾಂತಗಳನ್ನೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ತೋಟಗಳ ಕೃಷಿಕ್ರಮವನ್ನು ವಿಸ್ತಾರವಾಗಿ ಬರೆದಿಟ್ಟನು. ಅವನ ಪ್ರವಾಸಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಕಾಲಕ್ಕೆ ಎಲೆ ತರುವವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ತೋಟದ ತಲೆಯ ಮೇಲಣ ಕಾಡು ತೋಟದ್ದೇ ಎಂಬುದು ರೂಢಿಯಿಂದ ಸಿದ್ಧವಾಗಿತ್ತು. ಹಡಗು ಕಟ್ಟುವುದಕ್ಕೂ ರೈಲು ಹಾದಿಗೂ ಮರದ ಬೇಡಿಕೆ ಹೆಚ್ಚಿದಂತೆಲ್ಲ ಈ ರೂಢಿಯ ಮೇಲೆ ಸರಕಾರದ ಕಣ್ಣು ಬಿದ್ದಿತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಅಧಿಪತ್ಯಕ್ಕೆ ಸೇರಿದ ಮೇಲೆ, ಹಾಗೂ 1878ರ ಅರಣ್ಯ ಕಾಯಿದೆ ಜಾರಿಗೆ ಬಂದಮೇಲೆ, ಕಾಡಿನ ಗಡಿಗಳನ್ನು ಅಳೆದು ಕಲ್ಲು ನೆಡುವ ಕೆಲಸ ಮೊದಲಾಯಿತು.

ಅಡಿಕೆಯ ತೋಟವು ಕೊಡುತ್ತಿದ್ದ ಕಂದಾಯ ಸಣ್ಣದಾಗಿರಲಿಲ್ಲ. ಎಲೆಯಿಲ್ಲದೆ ತೋಟವಿಲ್ಲವೆಂಬುದು ಅಧಿಕಾರಿಗಳಿಗೂ ಗೊತ್ತಿತ್ತು. ಆದುದರಿಂದ ಘಟ್ಟದ ಮೇಲಣ ತಾಲ್ಲೂಕುಗಳಲ್ಲಿ ಒಂದೆಕರೆ ತೋಟಕ್ಕೆ ಎಂಟೊಂಬತ್ತು ಎಕರೆಯವರೆಗೂ ಕಾಡನ್ನು ಸೊಪ್ಪಿನ ಬೆಟ್ಟವಾಗಿ ಹಚ್ಚಿಕೊಡುವ ಏರ್ಪಾಟಾಯಿತು. ಆ ನೆಲದ ಒಡೆತನವು ಸರಕಾರದ್ದೇ. ತೋಟಿಗನಿಗೆ ದೊರೆತುದು ಸೊಪ್ಪು ಕಡಿಯುವ, ದರಕು ಗುಡಿಸುವ, ದನ ಮೇಯಿಸುವ ಸವಲತ್ತು ಮಾತ್ರ. ಸಾಗವಾನಿ, ಬೀಟೆ, ಗಂಧಗಳನ್ನು ಅವನು ಮುಟ್ಟುವಂತಿರಲಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಗಡಿಯಿಂದ 100 ಗಜದವರೆಗಿನ ಕುಮ್ಕಿ, ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ ಬಾಣೆ, ಇವು ಬೇರೆಬೇರೆ ಸರಕಾರಗಳು ಬೇರೆಬೇರೆ ಹೆಸರಿನಲ್ಲಿ ಒಪ್ಪಿಕೊಂಡ ಇಂಥವೇ ಅನುಕೂಲಗಳು. 1889ರಲ್ಲಿ ಭಾರತಕ್ಕೆ ಬಂದು 1893ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದ ಕೃಷಿರಸಾಯನಜ್ಞ ವೋಲ್ಕರನು, ಊರಿಗೆ ಹತ್ತಿರದಲ್ಲಿ ಸೌದೆ ಮತ್ತು ಮೇವಿನ ಕಾಡುಗಳನ್ನು ಬೆಳೆಸಿದರೆ ಸಗಣಿಯು ಒಲೆಗೆ ಹೋಗದೆ ಹೊಲಕ್ಕೆ ಹೋಗುವುದೆಂದು ವಾದಿಸಿದನು. ಗೊಬ್ಬರದ ಪ್ರಶ್ನೆಯು ಮೂಲತಃ ಕಾಡಿನ ಪ್ರಶ್ನೆಯೆಂದು ಆತನು ಕಂಡುಕೊಂಡುದನ್ನು ಶಿರಸಿಯ ತೋಟಿಗನು ಅದಾಗಲೇ ಬಾಳಿ ತಿಳಿದಿದ್ದನು.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬೆಟ್ಟದ ಸವಲತ್ತು ತೋಟವುಳ್ಳವರದು. ತೋಟವಿಲ್ಲದವರಿಗೆ ಅದರಲ್ಲಿ ಪಾಲಿರಲಿಲ್ಲ. ಆದರೂ ಬೆಟ್ಟವನ್ನು ಹತ್ತಿ, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮರವನ್ನೇರಿ ಸೊಪ್ಪು ಕಡಿದು, ಜಿಗಣೆಗಳ ನಡುವೆ ಹೊರೆಹೊತ್ತು ಇಳಿದವರು ಬಹುಮಟ್ಟಿಗೆ ಆ ತೋಟವಿಲ್ಲದ ಕೂಲಿಯವರೇ. ತಲೆಯ ಮೇಲೆ ಗೊಬ್ಬರದ ಹೆಡಿಗೆ, ಅದರಿಂದ ಕತ್ತಿನ ಮೇಲೆ ಸೋರುವ ಕಂದು ನೀರು, ಕಾಲಡಿಯಲ್ಲಿ ಜಾರುವ ಸಂಕ. ಇಂಥ ದುಡಿಮೆಯಿಂದ ನಿಂತ ವ್ಯವಸ್ಥೆಯನ್ನು ಬರಿಯ ಸೊಬಗಿನ ಮಾತುಗಳಲ್ಲಿ ಹೊಗಳುವುದು ಅವರಿಗೆ ಮಾಡುವ ಅನ್ಯಾಯ. ಎಚ್ಚರವುಳ್ಳ ಮನೆಗಳು ಒಂದು ಮರವನ್ನು ಒಂದು ವರ್ಷ ಕಡಿದರೆ ಮರುವರ್ಷ ಬಿಟ್ಟು, ತುದಿಯ ಚಂಡೆಯನ್ನು ಎಂದೂ ಮುಟ್ಟದೆ ಬೆಟ್ಟವನ್ನು ಉಳಿಸಿಕೊಂಡುವು. ಎಚ್ಚರಗೇಡಿಗಳ ಬೆಟ್ಟವು ಬೋಳುಕಂಬಗಳ ಗುಡ್ಡವಾಯಿತು. ಎರಡು ಬಗೆಯ ಬೆಟ್ಟಗಳೂ ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿ ಇಂದಿಗೂ ಕಾಣಸಿಗುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಯು ಪ್ರಯೋಗಶಾಲೆಯನ್ನು ಪ್ರವೇಶಿಸಿತು. ಇಂದೋರಿನಲ್ಲಿ ಆಲ್ಬರ್ಟ್ ಹೊವರ್ಡನು ಕಸಕಡ್ಡಿ, ಸಗಣಿ, ಮೂತ್ರಮಣ್ಣುಗಳನ್ನು ಪದರಪದರವಾಗಿ ಹಾಕಿ, ಗೊತ್ತಾದ ದಿನಗಳಲ್ಲಿ ತಿರುವಿಹಾಕುವ ಕ್ರಮವನ್ನು ರೂಪಿಸಿ, ಯಶವಂತ ವಾಡ್ ಅವರೊಡನೆ 1931ರಲ್ಲಿ ಪ್ರಕಟಿಸಿದನು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕ್ರಮದಲ್ಲಿ ತಿರುವುವ ಶ್ರಮವಿಲ್ಲ; ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಒಂದರ ಮೇಲೊಂದು ಹರಡಿ, ಮೇಲೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಹಾಗೆಯೇ ಬಿಡುವುದು. ‘ಬೆಂಗಳೂರು ಪದ್ಧತಿ’ಯೆಂದು ಲೋಕಪ್ರಸಿದ್ಧವಾದ ಇದಕ್ಕೂ, ಮಲೆನಾಡಿನ ಕೈಮುಟ್ಟದ ಗುಂಡಿಗೂ ಸ್ವಭಾವದಲ್ಲಿ ಸಾಮ್ಯವುಂಟು. ಅದೇ ದಶಕದ ಕೊನೆಗೆ ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟಿನ ಕಾರ್ಖಾನೆ ತಲೆಯೆತ್ತಿತು. 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ತಯಾರಾಗತೊಡಗಿತು. ಹೊರೆಯ ಭಾರವಿಲ್ಲದ, ಹಿಡಿಯಲ್ಲಿ ಹಿಡಿಯಬಹುದಾದ ಬಿಳಿಯ ಗೊಬ್ಬರವು ಮೊದಲಬಾರಿಗೆ ತೋಟದ ಬಾಗಿಲಿಗೆ ಬಂದಾಗ, ಆಳುಗಳ ಅಭಾವದಿಂದ ಕಂಗೆಟ್ಟಿದ್ದ ಕುಟುಂಬಗಳು ಅದನ್ನು ಸ್ವಾಗತಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಎಲೆಯ ಸ್ಥಾನವು ಹೋಗಲಿಲ್ಲ. 1956ರಲ್ಲಿ ವಿಟ್ಲದಲ್ಲಿ ಸ್ಥಾಪಿತವಾದ ಅಡಿಕೆ ಸಂಶೋಧನಾ ಕೇಂದ್ರದ ಪ್ರಯೋಗಗಳಿಂದ ರೂಢಿಗೆ ಬಂದ ಶಿಫಾರಸಿನಲ್ಲಿ, ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಎಂದು ಹೇಳಿರುವುದರ ಜೊತೆಗೇ, 12 ಕಿಲೋ ಹಸಿರೆಲೆಯನ್ನೂ 12 ಕಿಲೋ ಕಾಂಪೋಸ್ಟನ್ನೂ ಕೊಡತಕ್ಕದ್ದೆಂದು ಹೇಳಿದೆ. ರಸಗೊಬ್ಬರವನ್ನು ಒಂದೇ ಸಲ ಸುರಿಯದೆ ಎರಡು ಕಂತುಗಳಲ್ಲಿ, ಸುರಿಮಳೆಯ ತಿಂಗಳುಗಳನ್ನು ಬಿಟ್ಟು ಕೊಡಬೇಕೆಂದೂ, ಅದರಲ್ಲಿ ಒಂದು ಕಂತು ಮಳೆ ತಗ್ಗಿದ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಸಲ್ಲಬೇಕೆಂದೂ ಇದೆ. ಆರ್ದ್ರೆಯಲ್ಲಿ ಬುಡಕ್ಕೆ ಕೈಹಾಕದ ಹಳೆಯ ನಿಯಮವೂ ಇದೂ ಒಂದೇ ಮಾತನ್ನಾಡುತ್ತವೆ. ಇನ್ನು 12 ಕಿಲೋ ಹಸಿರೆಲೆಯೆಂದರೆ ಎಷ್ಟು ಎಂಬುದನ್ನು ಲೆಕ್ಕಹಾಕಿ ನೋಡಬಹುದು. 2.7 ಮೀಟರ್ ಅಂತರದಲ್ಲಿ ನೆಟ್ಟ ಒಂದೆಕರೆ ತೋಟದಲ್ಲಿ ಸುಮಾರು 550 ಮರಗಳಿರುತ್ತವೆ. ಅವುಗಳಿಗೆ ವರ್ಷಕ್ಕೆ ಬೇಕಾಗುವ ಎಲೆ 6,600 ಕಿಲೋ, ಎಂದರೆ 66 ಕ್ವಿಂಟಾಲು. ಕಾಂಪೋಸ್ಟಿಗೆ ಬೇಕಾದ ಹಾಸು ಇದರ ಮೇಲೆ ಬೇರೆ. ಎಕರೆ ತೋಟಕ್ಕೆ ಎಂಟೊಂಬತ್ತು ಎಕರೆ ಬೆಟ್ಟವು ಬೇಕೆಂದು ಹಿಂದಿನವರು ಹಟಹಿಡಿದುದು ದುರಾಶೆಯಿಂದಲ್ಲವೆಂಬುದಕ್ಕೆ ಈ ಒಂದು ಗುಣಾಕಾರವೇ ಸಾಕ್ಷಿ.

ಆ ಬೆಟ್ಟಗಳಾಚೆಯ ಕಾಡು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬೇಗಬೇಗನೆ ಕರಗಿತು. ಮಿಶ್ರವನವನ್ನು ಸವರಿ ತೇಗದ ಏಕಜಾತಿಯ ತೋಪನ್ನು ನೆಡುವ ಕಾರ್ಯಕ್ರಮದಿಂದ ದನಕ್ಕೆ ಮೇವೂ ತೋಟಕ್ಕೆ ಸೊಪ್ಪೂ ಇಲ್ಲದಂತಾಗುವುದನ್ನು ಕಂಡ ಜನರು, 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಕಾಡಿಗೆ ನಡೆದು, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಆ ಅಪ್ಪಿಕೋ ಚಳವಳಿಯನ್ನು ಪರಿಸರದ ಹೋರಾಟವೆಂದು ನಾಡು ನೆನೆಯುತ್ತದೆ. ಅದು ಸತ್ಯವೇ. ಗೊಬ್ಬರದ ಗುಂಡಿಯನ್ನು ಬಲ್ಲವರಿಗೆ ಮಾತ್ರ, ಆ ಮರಗಳನ್ನು ತಬ್ಬಿದ ತೋಳುಗಳಲ್ಲಿ ಮುಂದಿನ ವರ್ಷದ ಹಾಸಿನ ಚಿಂತೆಯೂ ಇದ್ದಿತೆಂಬುದು ತಿಳಿಯುತ್ತದೆ. ಆ ಚಿಂತೆಯಿಂದ ಹೋರಾಟದ ಘನತೆ ಹೆಚ್ಚಿತೇ ಹೊರತು ಕುಂದಲಿಲ್ಲ.

ಈಚಿನ ದಶಕಗಳಲ್ಲಿ ಕ್ರಮವು ಮತ್ತೆ ತಿರುಗಿದೆ. ಶಿರಸಿಯ ಸುತ್ತಿನಲ್ಲಿ ಮನೆಮನೆಗೂ ಹರಡಿದ ಗೋಬರ್ ಗ್ಯಾಸಿನ ಸ್ಥಾವರಗಳು ಅಡುಗೆಯ ಒಲೆಯಿಂದ ಸೌದೆಯನ್ನು ದೂರಮಾಡಿ ಬೆಟ್ಟದ ಭಾರವನ್ನು ಸ್ವಲ್ಪ ಇಳಿಸಿದುವು. ಆದರೆ ಸಗಣಿಯು ಈಗ ಹಾಸಿನೊಡನೆ ಬೆರೆಯದೆ ನೀರಾಗಿ ಸ್ಥಾವರಕ್ಕೆ ಹೋಗುವುದರಿಂದ, ಎಲೆಗೂ ಸಗಣಿಗೂ ಕೊಟ್ಟಿಗೆಯಲ್ಲಿ ಆಗುತ್ತಿದ್ದ ಕೂಡುವಿಕೆಯು ತಪ್ಪಿತು. ಜಾಣರಾದ ಗೃಹಸ್ಥರು ಸ್ಥಾವರದಿಂದ ಹೊರಬೀಳುವ ಸ್ಲರಿಯನ್ನು ದರಕು ತುಂಬಿದ ಗುಂಡಿಯ ಮೇಲೆ ಹಾಯಿಸಿ ಆ ಸಂಬಂಧವನ್ನು ಮತ್ತೊಮ್ಮೆ ಕೂಡಿಸಿಕೊಂಡಿದ್ದಾರೆ. ಬೇಲಿಗುಂಟ ನೆಟ್ಟ ಗ್ಲಿರಿಸಿಡಿಯಾ, ನಮ್ಮವರು ಗೊಬ್ಬರದ ಗಿಡವೆಂದೇ ಕರೆಯುವ ಆ ಮರ, ವರ್ಷಕ್ಕೆರಡು ಸಲ ಕಡಿಸಿಕೊಂಡು ಹಿತ್ತಿಲಿಗೆ ಎಲೆಯನ್ನು ಕೊಡುತ್ತಿದೆ. ಬಿದ್ದ ಅಡಿಕೆಸೋಗೆಯನ್ನು ತೋಟದಲ್ಲಿಯೇ ತುಂಡರಿಸಿ ಬುಡಕ್ಕೆ ಹಾಸುವುದೂ ಬಳಕೆಗೆ ಬಂದಿದೆ. ದನಗಳನ್ನು ಕಡಿಮೆ ಮಾಡಿಕೊಂಡ ಮನೆಗಳು ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಕುರಿಗೊಬ್ಬರವನ್ನು ಕೊಂಡು, ಚೀಲಗಳನ್ನು ದೀಪಾವಳಿಯ ನಂತರ ತೋಟದ ದಾರಿಯಲ್ಲಿ ಇಳಿಸಿಕೊಳ್ಳುತ್ತವೆ. ಹಿತ್ತಿಲಿನ ಬಸಳೆಗೂ ಮೊಗೆಕಾಯಿಗೂ ಅದೇ ಚೀಲದಿಂದ ಒಂದೊಂದು ಬುಟ್ಟಿ ಹೋಗುತ್ತದೆ, ಉಳಿದುದು ಅಡಿಕೆಯ ಬುಡಕ್ಕೆ.